ಮುನಿತಾಯಮ್ಮ ಕಳೆ ಕಿತ್ತ ಶನಿವಾರ

"ನಾನು ಮದುವೆಯಾಗಿ ಈ ಕುಂದಾಣಕ್ಕೆ ಬಂದಾಗ ನಮ್ಮತ್ತೆ ನನ್ನ ಮುಖ ನೋಡ್ಲಿಲ್ಲ ಕಣಮ್ಮ, ಕೈ ನೋಡಿದ್ರು. ಹಿಂಗೆ ತಿರುಗಿಸಿ ಅಂಗೈ ನೋಡಿ, ಉಗುರು ನೋಡಿ, 'ಪರವಾಗಿಲ್ಲ, ಕಳೆ ಕೀಳೋ ಕೈ' ಅಂದ್ರು. ಮಾರನೇ ದಿನ ಕುಡ್ಲು ಕೊಟ್ರು. ಅವತ್ತಿಂದ ನಮ್ಮ ಹೊಲದಾಗೆ ರಾಗಿ, ಅಕ್ಕಡಿ ಸಾಲಿನ ಅವರೆ ಬಿಟ್ರೆ ಇನ್ನೊಂದು ಗಿಡ ತಲೆ ಎತ್ತಿ ನಿಂತಿಲ್ಲ. ಹೊಲದಾಗೆ ಕಳೆ ಇದ್ರೆ ದಾರೀಲಿ ಹೋಗೋರು ಹೊಲಾನ ಬೈಯಲ್ಲ, ಆ ಮನೆ ಹೆಂಗಸನ್ನ ಬೈತಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಹೊರಟಾಗ್ಲೂ ಬದುವಿನ ಮೇಲೆ ಕಂಡಿದ್ದು ನಾಲ್ಕು ಕಿತ್ತು ಹಾಕೇ ನಾನು ಬಸ್ಸು ಹತ್ತಿದ್ದು. ಡ್ರೈವರು ಹಾರನ್ ಹೊಡೀತಾನೇ ಇದ್ದ. ಇನ್ನು ಬದುವಿನಾಚೆ ಹೊಲ ಐತಲ್ಲ, ಅದು ನಮ್ಮ ಓರಗಿತ್ತಿ ಅನುಸೂಯಮ್ಮಂದು. ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರ. ಒಂದ್ಸಲ ಅವರ ಮೇಕೆಮರಿ ಆ ಕಳೆಯೊಳಗೆ ಹೋಗಿದ್ದು ಮೂರು ದಿನ ಸಿಕ್ಕಲಿಲ್ಲ. ಸಿಕ್ಕಾಗ ದಪ್ಪ ಆಗಿತ್ತು. ಹಂಗಂತ ನಾನು ಕಿತ್ತಿದ್ದನ್ನ ಬಿಸಾಕೋಳಲ್ಲ. ಸಾರು ಮಾಡ್ತೀನಿ. ಅಣ್ಣೆ, ಕನ್ನೆ, ಗೋಣಿ, ಕೀರೆ, ಎಲ್ಲಾ ಬೆರಕೆ. ಕೀಳೋವರೆಗೂ ಕಳೆ, ಕಿತ್ತ ಮೇಲೆ ಸೊಪ್ಪು. ನಮಗೆ ಅಷ್ಟೇ ಗೊತ್ತು."

ಈ ಮಾತನ್ನು ಮುನಿತಾಯಮ್ಮ ಎಷ್ಟು ಜನಕ್ಕೆ ಹೇಳಿದ್ದಾಳೋ ಲೆಕ್ಕವಿಲ್ಲ. ಮೇಕೆಮರಿ ಒಂದೊಂದು ಸಲ ಎರಡು ದಿನಕ್ಕೇ ಸಿಗುತ್ತದೆ, ಒಂದೊಂದು ಸಲ ನಾಲ್ಕು ದಿನ ಆಗುತ್ತದೆ. ದಪ್ಪ ಆಗಿರುವುದು ಮಾತ್ರ ತಪ್ಪುವುದಿಲ್ಲ.

ಅವಳು ಹುಟ್ಟಿದ್ದು ಹೊಸಕೋಟೆ ಕಡೆಯ ಸಮೇತನಹಳ್ಳಿಯಲ್ಲಿ. ಇಸ್ಕೂಲಿಗೆ ಹೋಗಿದ್ದು ಎರಡನೇ ಕ್ಲಾಸಿನ ದೀಪಾವಳಿವರೆಗೆ. ಅಲ್ಲಿಯೂ ಬಾಗಿಲ ಪಕ್ಕ ಕೂರುತ್ತಿದ್ದಳು, ಯಾಕೆಂದರೆ ಹೊರಗೆ ಕಟ್ಟಿದ ಎರಡು ಆಡು ನೋಡಿಕೊಳ್ಳಬೇಕಿತ್ತು. ಒಂದು ಕಣ್ಣು ಕಪ್ಪು ಹಲಗೆ ಮೇಲೆ, ಒಂದು ಕಣ್ಣು ಆಡಿನ ಮೇಲೆ. ಹಬ್ಬ ಕಳೆದ ಮೇಲೆ ಎರಡು ಕಣ್ಣೂ ಆಡಿನ ಮೇಲೆಯೇ ಇರಲಿ ಅಂತ ಅವರಪ್ಪ ತೀರ್ಮಾನ ಮಾಡಿದ. ಕಲಿತ ಅಕ್ಷರ ಮಾತ್ರ ಬಿಟ್ಟು ಹೋಗಲಿಲ್ಲ. ನಿಧಾನವಾಗಿ, ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ಓದುತ್ತಾಳೆ.

ಗಂಡ ದೊಡ್ಡಮುನಿಯಪ್ಪ. ಮೂರು ಎಕರೆ ಹೊಲ, ಎರಡು ಹಸು, ಮಾತು ಕಮ್ಮಿ. ಐದು ವರ್ಷದ ಹಿಂದೆ ಬೆಂಗಳೂರಿಂದ ಪ್ರಮೋದಾ ಅನ್ನೋ ಹೆಣ್ಣುಮಗಳು ಬಂದು ಆ ಮೂರು ಎಕರೆಯನ್ನೂ ಪಕ್ಕದ ಇನ್ನೊಬ್ಬರ ಮೂರು ಎಕರೆಯನ್ನೂ ಗುತ್ತಿಗೆಗೆ ತಗೊಂಡಳು. ಕಾಲೇಜಲ್ಲಿ ಪಾಠ ಮಾಡುತ್ತಿದ್ದವಳು, ಅದನ್ನು ಬಿಟ್ಟು ಬಂದಿದ್ದಳು. "ಇಲ್ಲಿ ಏನ್ ಬೆಳೀತೀಯಮ್ಮ?" ಅಂತ ದೊಡ್ಡಮುನಿಯಪ್ಪ ಕೇಳಿದ. "ಬೆಳೆಯೋದನ್ನ ಹೇಳಿಕೊಡ್ತೀವಿ, ಊಟ ಮಾಡೋದನ್ನೂ ಹೇಳಿಕೊಡ್ತೀವಿ" ಅಂದಳು. ದೊಡ್ಡಮುನಿಯಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಊಟ ಮಾಡೋಕೂ ಬರಲ್ವಾ ಅವ್ರಿಗೆ?" ಅಂದ. ಆ ವರ್ಷ ಅವನು ಆಡಿದ ಮಾತಲ್ಲಿ ಅದೇ ಉದ್ದದ್ದು.

ಹಾಗೆ ಶುರುವಾಗಿದ್ದು ಪಾಠದ ತೋಟ. ಶನಿವಾರ ಶನಿವಾರ ಬೆಂಗಳೂರಿಂದ ಬಸ್ಸಲ್ಲಿ ಜನ ಬರುತ್ತಾರೆ. ರಾಗಿ ಬೀಸುತ್ತಾರೆ, ಪೈರು ನೆಡುತ್ತಾರೆ, ಹಸು ಹತ್ತಿರ ನಿಂತು ಫೋಟೋ ತಗೋತಾರೆ, ಮುದ್ದೆ ನುಂಗೋದು ಕಲಿಯುತ್ತಾರೆ. ಮುನಿತಾಯಮ್ಮ ಅಲ್ಲೇ ಅಡಿಗೆಗೆ ಸೇರಿಕೊಂಡಳು. ಒಂದು ದಿನ ತರಕಾರಿ ಆಟೋ ಬರಲಿಲ್ಲ. ಅವಳು ಬೆಳಿಗ್ಗೆ ಕಿತ್ತ ಕಳೆಯನ್ನೇ ತೊಳೆದು, ತೊಗರಿಬೇಳೆ ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಬೆರಕೆ ಸೊಪ್ಪಿನ ಸಾರು ಮಾಡಿದಳು. ಬಂದವರು ತಟ್ಟೆ ಬೆರಳಲ್ಲಿ ಬಳಿದರು. ಈ ಸೊಪ್ಪು ಯಾವ ಅಂಗಡಿಯಲ್ಲಿ ಸಿಗುತ್ತೆ ಅಂತ ಕೇಳಿದರು. "ಅಂಗಡಿಯಾಗೆ ಸಿಕ್ಕಲ್ಲ, ಸೋಮಾರಿಗಳ ಹೊಲದಾಗೆ ಸಿಕ್ತದೆ" ಅಂದಳು ಮುನಿತಾಯಮ್ಮ.

ಅಲ್ಲಿಂದ ಪ್ರಮೋದಾ ತಲೆಯಲ್ಲಿ ಒಂದು ಪಾಠ ಕೂತುಬಿಟ್ಟಿತು. ಹೊಲದಲ್ಲೇ ಸುತ್ತಾಡಿಸಿ, ಬೆರಕೆ ಸೊಪ್ಪು ಯಾವುದು ಯಾವುದು ಅಂತ ನಿಂತ ಗಿಡದಲ್ಲೇ ತೋರಿಸೋದು. ಹೇಳಿಕೊಡೋಕೆ ಬೆಂಗಳೂರಿನ ಒಬ್ಬ ಮೇಷ್ಟ್ರು ತಯಾರಿದ್ದರು, ಪರದೆ ಮೇಲೆ ಚಿತ್ರ ತೋರಿಸುವವರು. ಪ್ರಮೋದಾ ಅವರಿಗೆ ಸದ್ಯಕ್ಕೆ ಬೇಡ ಅಂದಳು.

"ಮುನಿತಾಯಮ್ಮ, ಈ ಪಾಠ ನೀವೇ ಮಾಡಬೇಕು. ಆಗಸ್ಟ್ ಎರಡನೇ ಶನಿವಾರ ಒಂದು ಸಲ ಮಾಡಿ ನೋಡೋಣ. ಸರಿಹೋದ್ರೆ ಪ್ರತಿ ತಿಂಗಳ ಎರಡನೇ ಶನಿವಾರ ನಿಮ್ಮದೇ. ಇಲ್ಲದಿದ್ರೆ ಆ ಮೇಷ್ಟ್ರನ್ನ ಕರೆಸ್ತೀನಿ. ಬೇಜಾರು ಮಾಡ್ಕೋಬಾರದು."

"ನಾನು ಪಾಠ ಮಾಡೋದಾ?" ಅಂತ ನಕ್ಕಳು ಮುನಿತಾಯಮ್ಮ. "ಆಡು ಕಾಯ್ಕೊಂಡು ಬಾಗಿಲತ್ರ ಕೂತಿದ್ದೋಳು ನಾನು."

ನಕ್ಕಳೇ ಹೊರತು, ಅವತ್ತಿಂದ ಅವಳಿಗೆ ಅದೊಂದೇ ಆಸೆ. ಒಡವೆಗೆ ಆಸೆ ಪಟ್ಟವಳಲ್ಲ, ಸೀರೆಗೆ ಪಟ್ಟವಳಲ್ಲ. ಈ ಪಾಠ ತನ್ನದೇ ಆಗಿ ಉಳಿಯಬೇಕು ಅಂತ ಮಾತ್ರ ಮನಸ್ಸು ಹಠ ಹಿಡಿಯಿತು. ಅದಕ್ಕೆ ತುಪ್ಪ ಹೊಯ್ದಿದ್ದು ಒಂದು ಬೋರ್ಡು. ತೋಟದ ಉಸ್ತುವಾರಿ ಭಾನುಪ್ರಕಾಶ್, ಕೃಷಿ ಡಿಪ್ಲೊಮಾ ಓದಿದ ಹುಡುಗ, ಪಾಠಕ್ಕೆ ಎರಡು ದಿನ ಮುಂಚೆ, ಗುರುವಾರ, ಬೋರ್ಡು ಬರೆಸಿ ತಂದು ಹಿಂದುಗಡೆ ನಾಲ್ಕು ಗುಂಟೆ ರಾಗಿಹೊಲದ ಅಂಚಿಗೆ ನೆಟ್ಟ. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ: ಬೆರಕೆ ಸೊಪ್ಪಿನ ಪಾಠ. ಹೇಳಿಕೊಡುವವರು: ಶ್ರೀಮತಿ ಮುನಿತಾಯಮ್ಮ.

ಮುನಿತಾಯಮ್ಮ ಅದನ್ನು ಬೆರಳಿಟ್ಟು ಓದಿದಳು. 'ಶ್ರೀಮತಿ' ಹತ್ತಿರ ಬೆರಳು ಸ್ವಲ್ಪ ಹೊತ್ತು ನಿಂತಿತು. ಅವತ್ತು ಕೊತ್ತಂಬರಿ ತರುತ್ತೀನಿ ಅಂತ ಮೂರು ಸಲ ಆ ಕಡೆ ಹೋದಳು. ಕೊತ್ತಂಬರಿ ಇದ್ದದ್ದು ಈ ಕಡೆ.

ಆ ನಾಲ್ಕು ಗುಂಟೆಯಲ್ಲಿ ಒಂದೂವರೆ ತಿಂಗಳಿಂದ ಯಾರೂ ಕಳೆ ತೆಗೆಯಬಾರದು ಅಂತ ಭಾನುಪ್ರಕಾಶ್ ಕಟ್ಟಪ್ಪಣೆ ಮಾಡಿದ್ದ. ಮಳೆ ಚೆನ್ನಾಗಿ ಬಿದ್ದಿತ್ತು. ಅಣ್ಣೆ ಮೊಣಕಾಲುದ್ದ, ಕನ್ನೆಯ ನೀಲಿ ಹೂವು ನೆಲದ ತುಂಬ. ಮುನಿತಾಯಮ್ಮ ಅದನ್ನು ಕಂಡು ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಓಡಾಡುತ್ತಿದ್ದಳು. ಪಾಠಕ್ಕೆ ಅಂತ ಬಿಟ್ಟಿದ್ದು, ಇರಲಿ ಅಂತ ಹಲ್ಲು ಕಚ್ಚಿಕೊಂಡಿದ್ದಳು. ಆದರೆ ಬೋರ್ಡು ನೆಟ್ಟ ಮೇಲೆ ವಿಷಯವೇ ಬೇರೆ ಆಯಿತು.

ಶುಕ್ರವಾರ ಸಂಜೆ ಡೈರಿಗೆ ಹಾಲು ಹಾಕಿ ಬರುವಾಗ ದಾರಿಯಿಂದ ಅದು ಅವಳ ಕಣ್ಣಿಗೆ ಬಿತ್ತು. ಆಳೆತ್ತರದ ಬೋರ್ಡು. ಅದರ ಮೇಲೆ ತನ್ನ ಹೆಸರು. ಅದರ ಬುಡದಿಂದ ಆಚೆ ಬದುವಿನವರೆಗೂ ಕಳೆ. ದಾರಿಯಲ್ಲಿ ಹೋಗುವವರು ಇದನ್ನು ನೋಡಿ ಏನು ತಿಳಿಯುತ್ತಾರೆ? ಮುನಿತಾಯಮ್ಮನ ಹೊಲ ಇದು ಅಂತ ತಿಳಿಯುತ್ತಾರೆ. ಅದೂ ಹಸಿರು ಬಣ್ಣದಲ್ಲಿ ಬರೆಸಿ ನೆಟ್ಟುಕೊಂಡಿದ್ದಾಳೆ ಅಂತ ತಿಳಿಯುತ್ತಾರೆ. ನಾಳೆ ಬೆಂಗಳೂರಿಂದ ಇಪ್ಪತ್ತನಾಲ್ಕು ಜನ ಬಂದು ಇಳಿಯುತ್ತಾರೆ. ನಂಟರು ಬರುವಾಗ ಮನೆ ಗುಡಿಸದೆ ಇರುತ್ತಾರಾ ಯಾರಾದರೂ?

ಶ್ರಾವಣ ಶನಿವಾರ. ಕೋಳಿ ಕೂಗುವ ಹೊತ್ತಿಗೆ ಎದ್ದು ತಲೆಗೆ ನೀರು ಹಾಕಿಕೊಂಡು, ದೇವರಿಗೆ ದೀಪ ಹಚ್ಚಿ, ಕುಡ್ಲು ಹಿಡಿದು ಹೊರಟಳು. ಬೋರ್ಡಿನ ಬುಡದಲ್ಲಿ ಒಂದು ನಾಲ್ಕು ಹಿಡಿ ಕೀಳೋಣ, ಹೆಸರಿನ ಕೆಳಗಾದರೂ ಚೊಕ್ಕಟವಾಗಿರಲಿ ಅಂತಷ್ಟೇ ಅವಳ ಲೆಕ್ಕಾಚಾರ. ನಾಲ್ಕು ಹಿಡಿ ಕಿತ್ತಳು. ಅಷ್ಟು ಚೊಕ್ಕಟವಾದ ಮೇಲೆ ಪಕ್ಕದ್ದು ಇನ್ನೂ ಕೆಟ್ಟದಾಗಿ ಕಂಡಿತು. ಅದನ್ನೂ ಕಿತ್ತಳು. ಆಮೇಲೆ ಕೈ ಅವಳ ಮಾತು ಕೇಳಲಿಲ್ಲ. ಸಾಲು ಹಿಡಿದರೆ ಸಾಲು ಮುಗಿಸಿ ಗೊತ್ತೇ ಹೊರತು ನಡುವೆ ಬಿಟ್ಟು ಏಳುವುದು ಆ ಕೈಗೆ ಗೊತ್ತಿಲ್ಲ. ಸಾರಿಗೂ ಪಾಠಕ್ಕೂ ಅಂತ ಒಳ್ಳೆ ಸೊಪ್ಪು ಒಂದು ಬುಟ್ಟಿ ಎತ್ತಿಟ್ಟಳು. ಮಿಕ್ಕಿದ್ದನ್ನು ಹೊರೆ ಕಟ್ಟಿ ಕಟ್ಟಿ ಹಸುಗಳ ಮುಂದೆ ಹಾಕಿದಳು. ಹಸುಗಳು ಹಬ್ಬ ಮಾಡಿದವು. ಏಳೂವರೆ ಆಗುವಷ್ಟರಲ್ಲಿ ನಾಲ್ಕು ಗುಂಟೆ ರಾಗಿ ಬಾಚಿ ಹೆರಳು ಹಾಕಿದ ಹಾಗೆ ನಿಂತಿತ್ತು.

ಭಾನುಪ್ರಕಾಶ್ ಸ್ಕೂಟರ್ ನಿಲ್ಲಿಸಿ ಹೊಲದ ಅಂಚಿಗೆ ಬಂದ. ಹೆಲ್ಮೆಟ್ ತೆಗೆದ. ಹೊಲ ನೋಡಿದ. ಮತ್ತೆ ಹೆಲ್ಮೆಟ್ ಹಾಕಿಕೊಂಡ.

"ಅಮ್ಮಾ, ಸೊಪ್ಪೆಲ್ಲಿ?"

"ಬುಟ್ಟಿಯಾಗೈತೆ ಕಣಪ್ಪ. ನೋಡು, ಹೆಂಗೆ ಎಳೇದು ಆರಿಸಿ ಇಟ್ಟಿದೀನಿ."

"ಬುಟ್ಟೀದಲ್ಲಮ್ಮ. ನೆಲದಲ್ಲಿ ಇತ್ತಲ್ಲ, ಅದು."

"ಅದೇ ಇದು."

"ಅಮ್ಮಾ, ಅವರು ಬರ್ತಿರೋದೇ ಅದು ನೆಲದಲ್ಲಿ ಹೇಗೆ ನಿಂತಿರುತ್ತೆ ಅಂತ ನೋಡೋಕೆ. ಬುಟ್ಟಿ ನೋಡೋಕೆ ಮಾರ್ಕೆಟ್ಟಿಗೆ ಹೋಗ್ತಾರೆ."

ಮುನಿತಾಯಮ್ಮ ಹೊಲದ ಕಡೆ ತಿರುಗಿ ನೋಡಿದಳು. ಬೋರ್ಡು ಓದಿದಳು, ಈ ಸಲ ಬೆರಳಿಲ್ಲದೆ. ತಾನು ಏನು ಮಾಡಿದೆ ಅನ್ನೋದು ಆಗ ನಿಧಾನವಾಗಿ ಅವಳ ತಲೆಗೆ ಇಳಿಯಿತು. ನೆತ್ತಿಯ ಮೇಲೆ ವಿಮಾನ ಬಂತು. ಏರ್‌ಪೋರ್ಟ್ ಹತ್ತಿರದ ಈ ಕುಂದಾಣದಲ್ಲಿ ವಿಮಾನ ಬಂದರೆ ಮಾತಾಡುವವರು ಮಾತು ಹಿಡಿದುಕೊಂಡು ನಿಲ್ಲುತ್ತಾರೆ, ಹೋದ ಮೇಲೆ ಬಿಟ್ಟಲ್ಲಿಂದ ಶುರು ಮಾಡುತ್ತಾರೆ. ಇಬ್ಬರೂ ನಿಂತರು. ವಿಮಾನ ಹೋಯಿತು.

"ನಿನ್ನ ಡಿಪ್ಲೊಮಾದಾಗೆ ಇದಕ್ಕೇನಾದ್ರೂ ಹೇಳಿಕೊಟ್ಟವ್ರಾ?" ಅಂದಳು.

"ಕಳೆ ತೆಗೆಯೋದು ಹೇಳಿಕೊಟ್ಟಿದ್ದಾರೆ. ವಾಪಸ್ ಹಾಕೋದು ಹೇಳಿಕೊಟ್ಟಿಲ್ಲ."

"ಪೈರು ನಾಟಿ ಮಾಡಲ್ವಾ? ಹಂಗೇ ಮಾಡಾಣ ಬಾ."

ಕುಂದಾಣದಲ್ಲಿ ಅವತ್ತಿನವರೆಗೆ ಕಳೆಯನ್ನು ನಾಟಿ ಮಾಡಿದವರು ಇರಲಿಲ್ಲ. ಬುಟ್ಟಿಯಿಂದ ಬೇರು ಇದ್ದ ಗಿಡ ಆರಿಸಿ, ಭಾನುಪ್ರಕಾಶ್ ಗುಳಿ ತೆಗೆದ, ಮುನಿತಾಯಮ್ಮ ನೆಟ್ಟಳು. ಗೇಣಿಗೊಂದು ಗಿಡ, ದಾರ ಹಿಡಿದ ಹಾಗೆ ನೇರ ಸಾಲು. "ಅಮ್ಮಾ, ಸ್ವಲ್ಪ ಅಡ್ಡಾದಿಡ್ಡಿ ನೆಡಿ, ತಾನಾಗಿ ಹುಟ್ಟಿದ ಹಾಗೆ ಕಾಣಬೇಕು" ಅಂದ. ಅವಳು ಪ್ರಯತ್ನ ಪಟ್ಟಳು, ಆಗಲಿಲ್ಲ. ಕೊಡದಲ್ಲಿ ನೀರು ತಂದು ಹೊಯ್ದರು. ಎರಡು ಸಾಲು ಮುಗಿಯುವಷ್ಟರಲ್ಲಿ ಮೊದಲ ಸಾಲಿನ ಅಣ್ಣೆ ತಲೆ ಬಗ್ಗಿಸಿತು. ಕೀರೆ ಒಂದು ಪಕ್ಕಕ್ಕೆ ಒರಗಿತು. ಎಂಟೂಕಾಲಿಗೆಲ್ಲ ಸಾಲಿಗೆ ಸಾಲೇ ಮದುವೆ ಮನೆಯಲ್ಲಿ ಊಟ ಮಾಡಿ ಮಲಗಿದ ನಂಟರ ಹಾಗೆ ಬಿದ್ದುಕೊಂಡಿತು.

ಭಾನುಪ್ರಕಾಶ್ ಮಣ್ಣು ಕೈ ಒರೆಸಿಕೊಂಡ. "ಬಸ್ಸು ಒಂಬತ್ತೂವರೆಗೆ ಬರುತ್ತೆ. ಪ್ರಮೋದಾ ಮೇಡಂ ಅದರಲ್ಲೇ ಬರ್ತಾರೆ. ಅಮ್ಮಾ, ಒಂದೇ ಒಂದು ದಾರಿ ಇದೆ."

"ಆ ಮಾತು ಆಡಬೇಡ."

"ಇನ್ನೂ ಹೇಳೇ ಇಲ್ಲವಲ್ಲ ನಾನು."

"ನೀನು ಬದುವಿನಾಚೆ ನೋಡ್ದೆ. ನಾನು ನೋಡ್ದೆ ನೀನು ನೋಡಿದ್ದನ್ನ."

ಬದುವಿನಾಚೆ ಅನುಸೂಯಮ್ಮನ ಹೊಲ ಬೆಳಗಿನ ಬಿಸಿಲಲ್ಲಿ ಸೊಕ್ಕಿ ನಿಂತಿತ್ತು. ಅಣ್ಣೆ ಅಲ್ಲಿ ಸೊಂಟದುದ್ದ, ನರಿಬಾಲದಂಥ ಹೂವು ಬಿಟ್ಟು ತೂಗುತ್ತಿತ್ತು. ಇಲ್ಲಿ ಇಲ್ಲದ ಕಾಶಿಸೊಪ್ಪು, ಪಸರೆ ಸೊಪ್ಪು ಕೂಡ ಅಲ್ಲಿದ್ದವು. ನಡುನಡುವೆ ರಾಗಿಯೂ ಇತ್ತು. ಹೋದ ತಿಂಗಳು ತಾನೇ ಮುನಿತಾಯಮ್ಮ ಇದೇ ಬದುವಿನ ಮೇಲೆ ನಿಂತು ಕೂಲಿಯವರೆಲ್ಲರ ಎದುರಿಗೆ, "ಏನಮ್ಮೀ, ಹೊಲ ಇಟ್ಟಿದ್ದೀಯೋ ಕಾಡು ಇಟ್ಟಿದ್ದೀಯೋ, ನಿನ್ನ ಕಳೆ ಬೀಜ ಗಾಳೀಲಿ ಬಂದು ನಮ್ಮ ಹೊಲದ ಮಾನ ಕಳೀತೈತೆ" ಅಂತ ಕೂಗಿದ್ದಳು. ಅನುಸೂಯಮ್ಮ ಎಲೆ ಅಡಿಕೆ ಜಗಿಯುತ್ತಾ, "ನಿನ್ನ ಹೊಲಕ್ಕೂ ಒಂದಿಷ್ಟು ಕಳೆ ಬರ್ಲಿ ಬಿಡಕ್ಕ" ಅಂದಿದ್ದಳು.

ಬೇರೆ ದಾರಿ ಇರಲಿಲ್ಲ. ಮುನಿತಾಯಮ್ಮ ಸೆರಗು ಸಿಕ್ಕಿಸಿಕೊಂಡು ಓರಗಿತ್ತಿ ಮನೆಗೆ ನಡೆದಳು.

ಅನುಸೂಯಮ್ಮ ಜಗಲಿ ಮೇಲೆ ಕಾಲು ನೀಡಿಕೊಂಡು ಕೂತಿದ್ದಳು. ಅವಳಿಗೂ ಅರವತ್ತು ದಾಟಿದೆ, ಮುನಿತಾಯಮ್ಮನಿಗಿಂತ ಮೂರು ವರ್ಷ ಚಿಕ್ಕವಳು. ಯಾವತ್ತೂ ಯಾವುದಕ್ಕೂ ಅವಸರ ಮಾಡಿದವಳಲ್ಲ. ಬೆಳಗಿಂದ ಬದುವಿನ ಈ ಕಡೆ ನಡೆದದ್ದೆಲ್ಲ ಆ ಜಗಲಿಯಿಂದ ಚೆನ್ನಾಗಿ ಕಾಣುತ್ತಿತ್ತು.

"ಬಾರಕ್ಕ, ಕೂತ್ಕೋ. ಕಾಫಿ ಇಡ್ತೀನಿ."

"ಕಾಫಿಗೆ ಹೊತ್ತಿಲ್ಲ ಕಣಮ್ಮೀ."

"ಹೊತ್ತೆಲ್ಲಿ ಇರ್ತದೆ. ಬೆಳಗಿಂದ ಕಿತ್ತೆ, ಆಮೇಲೆ ನೆಟ್ಟೆ. ಇನ್ನು ಮತ್ತೆ ಕೀಳೋದೈತಾ?"

ಮುನಿತಾಯಮ್ಮ ಕೂತಳು. ನೆಲ ನೋಡಿಕೊಂಡು, "ನಿನ್ನ ಹೊಲ ಬೇಕಾಗಿತ್ತು" ಅಂದಳು.

"ಯಾಕೆ?"

"ಒಂದೆರಡು ಗಂಟೆ ಹೊತ್ತು. ಜನ ಬರ್ತವ್ರೆ, ತೋರಿಸ್ಬೇಕು."

"ಅದರಾಗೆ ಏನೈತೆ ಅಂತ ತೋರಿಸ್ತೀಯ? ನಮ್ಮ ಮೇಕೆಮರೀನಾ?"

ಮೇಕೆಮರಿ ಕಥೆ ಇವಳವರೆಗೂ ಬಂದಿದೆ ಅಂತ ಮುನಿತಾಯಮ್ಮನಿಗೆ ಆಗ ಗೊತ್ತಾಯಿತು. ಅನುಸೂಯಮ್ಮ ವೀಳ್ಯದೆಲೆಗೆ ಸುಣ್ಣ ಸವರಿ, ತೊಟ್ಟು ಮುರಿದು, ಮಡಿಸಿ, ಬಾಯಿಗೆ ಹಾಕಿಕೊಂಡಳು. ಮುನಿತಾಯಮ್ಮ ಅಷ್ಟು ಹೊತ್ತಲ್ಲಿ ಒಂದು ಸಾಲು ರಾಗಿ ಕೊಯ್ಯಬಹುದಾಗಿತ್ತು.

"ತಗೋ ಹೊಲ. ನಾನೇನು ಬೇಡ ಅನ್ನಲ್ಲ. ಆದ್ರೆ ಆ ಜನ ಕೇಳ್ತಾರೆ, ಈ ಹೊಲ ಯಾಕೆ ಹಿಂಗೈತೆ ಅಂತ. ಆಗ ಏನಂತೀಯ?"

"ನೀನು ಸೋಮಾರಿ ಅದಕ್ಕೆ ಅಂತೀನಿ. ಇನ್ನೇನಂತಾರೆ."

"ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳು. ಅಷ್ಟೇ ನನಗೆ ಬೇಕಾಗಿರೋದು. ಮೂವತ್ತು ವರ್ಷದಿಂದ ಊರ ತುಂಬ ನನ್ನ ಹೊಲ ಹೆಂಗೈತೆ ಅಂತ ಹೇಳ್ಕೊಂಡು ಬಂದಿದ್ದೀಯ. ಇವತ್ತು ಒಂದು ದಿನ, ನಾಲ್ಕು ಜನದ ಮುಂದೆ, ಚೆನ್ನಾಗೈತೆ ಅನ್ನು. ನಾನೂ ಬಂದು ಕೇಳಿಸ್ಕೊಂತೀನಿ."

"ಸುಳ್ಳು ಹೇಳು ಅಂತೀಯ."

"ಮೇಕೆಮರಿ ದಪ್ಪ ಆಗಿತ್ತು ಅನ್ನೋದು ನಿಜಾನಾ?"

ಮುನಿತಾಯಮ್ಮ ಎದ್ದು ಬಂದಳು. ಆಗಲಿ ಅಂತ ತಲೆ ಆಡಿಸಿದಳೋ ಇಲ್ಲವೋ, ಅವಳಿಗೇ ಸರಿಯಾಗಿ ಗೊತ್ತಾಗಲಿಲ್ಲ.

ಬಸ್ಸು ಬಂತು. ಟೋಪಿ, ಕನ್ನಡಕ, ನೀರಿನ ಬಾಟಲಿ, ನೋಟ್‌ಪುಸ್ತಕ ಎಲ್ಲ ಇಳಿದವು. ಇಳಿದವರಲ್ಲಿ ಶಶಿರೇಖಾ ಅಂತ ಒಬ್ಬರು, ರಾಜಾಜಿನಗರದವರು, ಎಲ್ಲರಿಗಿಂತ ದಪ್ಪ ನೋಟ್‌ಪುಸ್ತಕ ಅವರದು. ಪ್ರಮೋದಾ ನೇರ ಬೋರ್ಡಿನ ಹತ್ತಿರ ಹೋದಳು. ಚೊಕ್ಕಟ ರಾಗಿ, ನಡುವೆ ಎರಡು ಸಾಲು ಮಲಗಿದ ಕಳೆ. ಭಾನುಪ್ರಕಾಶನ ಮುಖ ನೋಡಿದಳು. ಅವನು ಆಕಾಶ ನೋಡಿದ, ವಿಮಾನವೇನಾದರೂ ಬರುತ್ತದೇನೋ ಅಂತ.

"ಪಾಠ ಇಲ್ಲಲ್ಲ ಮೇಡಂ, ಬದುವಿನಾಚೆ" ಅಂದಳು ಮುನಿತಾಯಮ್ಮ. "ಬರ್ರಮ್ಮ ಎಲ್ಲಾರೂ. ಸೀರೆ ಮೇಲಕ್ಕೆ ಸಿಕ್ಕಿಸ್ಕಳ್ರಿ, ಮುಳ್ಳರಿವೆ ಐತೆ."

ಅನುಸೂಯಮ್ಮ ಆಗಲೇ ಬದುವಿನ ಹೊಂಗೆಮರದ ಕೆಳಗೆ ಗೌರಿಹಬ್ಬಕ್ಕೆ ಉಡುವ ಸೀರೆ ಉಟ್ಟುಕೊಂಡು ಕೂತಿದ್ದಳು.

ಪಾಠ ಶುರುವಾದ ಮೇಲೆ ಮುನಿತಾಯಮ್ಮನ ಅಳುಕು ಹೋಯಿತು. ಗೊತ್ತಿರುವುದನ್ನು ಹೇಳುವುದು ತಾನೇ. "ಇದು ಅಣ್ಣೆ. ಹೂವು ಬಿಡೋಕೆ ಮುಂಚೆ ಕುಡಿ ಚಿವುಟಬೇಕು, ಬಿಟ್ಟ ಮೇಲೆ ನಾರು. ಇದು ಗೋಣಿ, ನೆಲಕ್ಕೆ ಅಂಟ್ಕೊಂಡಿರ್ತದೆ, ಕಣ್ಣು ಕೆಳಗಿಟ್ಕೊಂಡು ಓಡಾಡೋರಿಗೆ ಸಿಕ್ತದೆ. ಬಾಯಿಗೆ ಹಾಕ್ಕಳ್ಳಿ ಸ್ವಲ್ಪ. ಹುಳಿ ಐತಾ? ಅದಕ್ಕೇ ಸಾರಿಗೆ ಹುಣಿಸೆಹಣ್ಣು ಕಮ್ಮಿ ಹಾಕೋದು. ಇದು ಕನ್ನೆ, ನೀಲಿ ಹೂವು. ಇದನ್ನ ಮುಟ್ಟಬೇಡಿ, ಇದು ಕೀರೆ ಥರಾನೇ ಕಾಣ್ತದೆ, ಕೀರೆ ಅಲ್ಲ. ಗೊತ್ತಿಲ್ದಿದ್ದನ್ನ ತಿನ್ನಬಾರದು, ಗೊತ್ತಿರೋರನ್ನ ಕೇಳ್ಬೇಕು." ಒಬ್ಬರು ಗಂಡಸು ರಾಗಿಯ ಬುಡದ ಚಿಗುರು ತೆಂಡೆ ಹಿಡಿದು ಇದು ಯಾವ ಸೊಪ್ಪು ಅಂದರು. "ಅದು ರಾಗಿ ಕಣಪ್ಪ. ಈ ಹೊಲದಾಗೆ ಅದನ್ನ ಕಂಡುಹಿಡಿದ್ರಲ್ಲ, ನಿಮ್ಮ ಕಣ್ಣು ಚುರುಕು" ಅಂದಳು.

ಹೊಂಗೆಮರದ ಕೆಳಗಿಂದ ಕೆಮ್ಮು ಕೇಳಿತು.

ಬಾಯಿ ಪಾಠ ಹೇಳುತ್ತಿತ್ತು, ಕೈ ಮಾತ್ರ ತನ್ನ ಕೆಲಸ ತಾನು ಮಾಡುತ್ತಿತ್ತು. ಒಂದು ಗಿಡ ತೋರಿಸುವುದು, ಕೀಳುವುದು, ಮಣ್ಣು ಕೊಡವಿ ಹಿಂದಕ್ಕೆ ಹಾಕುವುದು. ಅವಳು ನಡೆದ ದಾರಿಯುದ್ದಕ್ಕೂ ಅನುಸೂಯಮ್ಮನ ಹೊಲದಲ್ಲಿ ಒಂದು ಚೊಕ್ಕಟ ಬೈತಲೆ ಬಿದ್ದಿತ್ತು.

"ಅಕ್ಕ, ಕೈ" ಅಂದಳು ಅನುಸೂಯಮ್ಮ.

ಮುನಿತಾಯಮ್ಮ ಕೈ ಸೆರಗಿನೊಳಗೆ ಇಟ್ಟುಕೊಂಡಳು. ಹತ್ತು ಹೆಜ್ಜೆ ಹೋದ ಮೇಲೆ ಕೈ ಮತ್ತೆ ಆಚೆ ಬಂತು.

"ಅಕ್ಕ."

ಅಷ್ಟರಲ್ಲಿ ಶಶಿರೇಖಾ ನೋಟ್‌ಪುಸ್ತಕದಿಂದ ತಲೆ ಎತ್ತಿದರು. "ಅಮ್ಮಾ, ನಾನು ಇದುವರೆಗೂ ಹದಿನಾಲ್ಕು ಬಗೆ ಬರ್ಕೊಂಡೆ. ಪಕ್ಕದ ಹೊಲದಲ್ಲಿ ಒಂದೂ ಇಲ್ಲ, ದಾರಿಯಲ್ಲಿ ಬರ್ತಾ ನೋಡಿದ ಹೊಲಗಳಲ್ಲೂ ಕಾಣಲಿಲ್ಲ. ಈ ಒಂದು ಹೊಲದಲ್ಲಿ ಮಾತ್ರ ಇಷ್ಟು ಹೇಗೆ?"

ಎಲ್ಲರೂ ಮುನಿತಾಯಮ್ಮನ ಕಡೆ ತಿರುಗಿದರು. ಪ್ರಮೋದಾ ಕೂಡ. ಹೊಂಗೆಮರದ ಕೆಳಗೆ ಎಲೆ ಅಡಿಕೆ ಜಗಿಯುವುದು ನಿಂತಿತು.

ಆಗ ವಿಮಾನ ಬಂತು. ದೊಡ್ಡದು, ತುಂಬ ಕೆಳಗೆ. ಮುನಿತಾಯಮ್ಮನಿಗೆ ಸಿಕ್ಕಿದ್ದು ಅಷ್ಟೇ ಹೊತ್ತು. ಸೋಮಾರಿ ಅಂದರೆ ಹೊಲದ ಒಡತಿ ಎದ್ದು ಎಲ್ಲರನ್ನೂ ಆಚೆ ಕಳಿಸುತ್ತಾಳೆ. ಪಾಠ ಹೋಯಿತು, ಬೋರ್ಡು ಹೋಯಿತು, ಪರದೆ ಮೇಷ್ಟ್ರು ಬಂದರು. ಚೆನ್ನಾಗಿದೆ ಅನ್ನೋಣವೆಂದರೆ ನಾಲಗೆ ಏಳುತ್ತಿಲ್ಲ. ಅತ್ತೆ ಕಂಡರು ಕಣ್ಣ ಮುಂದೆ, ಅಂಗೈ ತಿರುಗಿಸಿ ನೋಡುತ್ತಾ. ವಿಮಾನ ಹೋಗಿ, ಅದರ ಸದ್ದೂ ಹೋಗಿ, ಎಲ್ಲರೂ ಇನ್ನೂ ಕಾಯುತ್ತಲೇ ಇದ್ದರು.

"ಇದು ನಮ್ಮ ಓರಗಿತ್ತಿ ಅನುಸೂಯಮ್ಮನ ಹೊಲ" ಅಂದಳು ಮುನಿತಾಯಮ್ಮ. "ಅಗೋ, ಅಲ್ಲಿ ಕೂತವ್ಳೆ. ಈ ಹೊಲ ಹಿಂಗಾಗೋಕೆ ಮೂವತ್ತು ವರ್ಷ ಹಿಡೀತು. ಒಂದು ದಿನದ್ದಲ್ಲ ಇದು. ಊರಾಗೆಲ್ಲಾ ಕಳೆ ಕಿತ್ತು ಕಿತ್ತು ಈ ಗಿಡದ ಬೀಜಾನೇ ಇಲ್ದಂಗೆ ಮಾಡಿದ್ವಿ. ಅದರಾಗೆ ನಾನೇ ಮುಂದೆ. ಎಷ್ಟೋ ಜನ ಇವಳನ್ನ ಬೈದ್ರು. ನಾನಂತೂ ದಿನಾ ಬೈದೆ. ಇವಳು ಅಲ್ಲಾಡ್ಲಿಲ್ಲ. ಇವತ್ತು ಕಾಶಿಸೊಪ್ಪು ಬೇಕು ಅಂದ್ರೆ ಇಲ್ಲಿಗೇ ಬರ್ಬೇಕು. ನಮ್ಮ ಹೊಲದಾಗೂ ಒಂದಿಷ್ಟು ಇತ್ತು, ಮೇಡಂ. ಇವತ್ತು ಬೆಳಿಗ್ಗೆ ನಾನೇ ಕಿತ್ತೆ. ಬೋರ್ಡಿನ ಮೇಲೆ ನನ್ನ ಹೆಸರಿತ್ತು, ಕೆಳಗೆ ಕಳೆ ಇತ್ತು, ತಡ್ಕೊಳ್ಳೋಕಾಗ್ಲಿಲ್ಲ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಒಂದು ಮಾತೂ ಸುಳ್ಳಿರಲಿಲ್ಲ.

ಯಾರೋ ಚಪ್ಪಾಳೆ ಹೊಡೆದರು, ಮಿಕ್ಕವರೂ ಹೊಡೆದರು. ಅನುಸೂಯಮ್ಮ ಎದ್ದು ನಿಂತು ಕೈ ಮುಗಿದಳು, ಚುನಾವಣೆಯಲ್ಲಿ ಗೆದ್ದವರ ಹಾಗೆ. ಶಶಿರೇಖಾ ಅವಳ ಹತ್ತಿರ ಹೋದರು.

"ಅಮ್ಮಾ, ನೀವು ಈ ಹೊಲಕ್ಕೆ ಏನು ಮಾಡ್ತೀರ?"

"ಏನೂ ಮಾಡಲ್ಲ" ಅಂದಳು ಅನುಸೂಯಮ್ಮ.

"ಔಷಧಿ?"

"ಇಲ್ಲ."

"ಉಳುಮೆ?"

"ಒಂದ್ಸಲ. ಅದೂ ಯಜಮಾನ್ರು ಬಲವಂತ ಮಾಡಿದ್ರೆ."

"ದಿನವೆಲ್ಲಾ ಏನು ಮಾಡ್ತೀರ ಹಾಗಾದ್ರೆ?"

"ಕೂತ್ಕೊಂಡು ನೋಡ್ತಿರ್ತೀನಿ."

ಶಶಿರೇಖಾ ಬಹಳ ಭಕ್ತಿಯಿಂದ ಬರೆದುಕೊಂಡರು. ಪಕ್ಕದಲ್ಲಿದ್ದವರಿಗೆ, "ಇದೇ ನೋಡಿ ನಿಜವಾದ ನೈಸರ್ಗಿಕ ಕೃಷಿ" ಅಂದರು. ಮುನಿತಾಯಮ್ಮ ಅದನ್ನು ಕೇಳಿಸಿಕೊಂಡು ಮುಳ್ಳರಿವೆಯೊಂದನ್ನು ಬೇರು ಸಮೇತ ಕಿತ್ತಳು. ಈ ಸಲ ಅನುಸೂಯಮ್ಮ ಏನೂ ಅನ್ನಲಿಲ್ಲ.

ಮಧ್ಯಾಹ್ನ ಮುದ್ದೆ, ಬೆರಕೆ ಸೊಪ್ಪಿನ ಸಾರು. ಅನುಸೂಯಮ್ಮನೂ ಊಟಕ್ಕೆ ಕೂತಳು, ಎರಡು ಮುದ್ದೆ ಉಂಡಳು. ಬಸ್ಸು ಹೋದ ಮೇಲೆ ಪ್ರಮೋದಾ ಮುನಿತಾಯಮ್ಮನನ್ನು ಕರೆದಳು. ಮುನಿತಾಯಮ್ಮ ಕೈ ಕಟ್ಟಿಕೊಂಡು ನಿಂತಳು, ಎರಡನೇ ಕ್ಲಾಸಿನಲ್ಲಿ ನಿಂತ ಹಾಗೆ.

"ಆ ಮೇಷ್ಟ್ರಿಗೆ ಬೇಡ ಅಂತ ಫೋನ್ ಮಾಡಿಬಿಟ್ಟೆ" ಅಂದಳು ಪ್ರಮೋದಾ. "ಎರಡನೇ ಶನಿವಾರ ನಿಮ್ಮದೇ. ಆದರೆ ಎರಡು ವಿಷಯ. ಬೋರ್ಡು ಬದುವಿನಾಚೆ ಹೋಗುತ್ತೆ. ಅದರಲ್ಲಿ ಇನ್ನೊಂದು ಹೆಸರು ಸೇರುತ್ತೆ."

"ಯಾವುದು ಮೇಲೆ ಬರ್ತದೆ ಮೇಡಂ?"

"ನಿಮ್ಮದೇ ಮೇಲೆ."

"ಹಂಗಾದ್ರೆ ಸರಿ" ಅಂದಳು. ಎರಡು ಹೆಜ್ಜೆ ಹೋಗಿ ತಿರುಗಿ, "ಅವಳಿಗೂ ಶ್ರೀಮತಿ ಹಾಕಿಸಿ. ಇಲ್ದಿದ್ರೆ ಅದನ್ನ ಇನ್ನೊಂದು ಮೂವತ್ತು ವರ್ಷ ಆಡ್ಕೊಂತಾಳೆ" ಅಂದಳು.

ಸೋಮವಾರ ಬೆಳಿಗ್ಗೆ ಅವಳು ಎಂದಿನಂತೆ ಕೆಲಸಕ್ಕೆ ಬಂದಳು. ಭಾನುಪ್ರಕಾಶ್ ಅವಳ ಕುಡ್ಲನ್ನು ಉಗ್ರಾಣದ ಅಟ್ಟದ ಮೇಲೆ ಇಟ್ಟಿದ್ದ, ಏಣಿಯನ್ನು ಇನ್ನೆಲ್ಲೋ ಇಟ್ಟಿದ್ದ. ಹಿಂದುಗಡೆ ನಾಲ್ಕು ಗುಂಟೆ ಇನ್ನೂ ಚೊಕ್ಕಟವಾಗಿಯೇ ಇತ್ತು. ರಾತ್ರಿ ಬಿದ್ದ ಹನಿಗೆ ರಾಗಿಯ ಸಾಲಿನ ನಡುವೆ ಎಳ್ಳುಗಾತ್ರದ ಎಲೆಗಳು ಅಲ್ಲೊಂದು ಇಲ್ಲೊಂದು ಕಣ್ಣು ಬಿಟ್ಟಿದ್ದವು. ಅವಳು ಬಗ್ಗಿ ನೋಡಿದಳು. ಕೀರೆ. ಕೈ ಮುಂದಕ್ಕೆ ಹೋಯಿತು. ಕೈಯನ್ನು ವಾಪಸ್ ತಂದು ಸೊಂಟದ ಮೇಲೆ ಇಟ್ಟುಕೊಂಡಳು.

"ಏನಕ್ಕ" ಅಂತ ಬದುವಿನಾಚೆಯಿಂದ ಅನುಸೂಯಮ್ಮನ ದನಿ ಬಂತು, ದಾರಿಯಲ್ಲಿ ಹೋಗುವವರಿಗೂ ಕೇಳುವ ಹಾಗೆ, "ನಿನ್ನ ಹೊಲದಾಗೆ ಬರೀ ರಾಗೀನೇ ಕಾಣ್ತೈತೆ. ಹಿಂಗಿಟ್ಕೊಂಡ್ರೆ ನೋಡ್ದೋರು ಏನಂತಾರೆ?"

"ನಿನ್ನ ಮೇಕೆ ನೋಡ್ಕೋ ಹೋಗು" ಅಂದಳು ಮುನಿತಾಯಮ್ಮ.

ಅನುಸೂಯಮ್ಮ ಬದುವಿನ ಮೇಲಿಂದ ಒಂದು ಮಡಿಲು ಸೊಪ್ಪು ಇವಳ ಬುಟ್ಟಿಗೆ ಸುರಿದು ಜಗಲಿಗೆ ವಾಪಸ್ ಹೋದಳು. ಮುನಿತಾಯಮ್ಮ ಬುಟ್ಟಿಯನ್ನು ಅಡಿಗೆಮನೆ ಹಿಂದಿನ ತೊಟ್ಟಿಯ ಹತ್ತಿರ ಇಳಿಸಿಕೊಂಡು ಕೂತಳು. ಬೇರು ಚಿವುಟಿದಳು, ಬಲಿತ ಕಡ್ಡಿ ತೆಗೆದಳು, ಹುಳು ಕಡಿದ ಎಲೆ ತೆಗೆದಳು. ಆರಿಸದೆಯೇ ಕಿತ್ತು ತಂದಿದ್ದಾಳೆ, ಅರ್ಧ ಹುಲ್ಲು ಅಂತ ಗೊಣಗಿದಳು. ಮೊದಲ ನೀರು ಕೆಂಪಗೆ ಬಂತು, ಚೆಲ್ಲಿದಳು. ಎರಡನೇ ನೀರೂ ಚೆಲ್ಲಿದಳು. ಮೂರನೇ ನೀರು ತಿಳಿಯಾದ ಮೇಲೆ ಸೊಪ್ಪನ್ನು ಎರಡೂ ಕೈಯಲ್ಲಿ ಹಿಂಡಿ ಎತ್ತಿ, ಕುದಿಯುತ್ತಿದ್ದ ಬೇಳೆಗೆ ಹಾಕಿ, ಸೌಟಿನಿಂದ ಒತ್ತಿ ಮುಳುಗಿಸಿದಳು.